ಸ್ಯಾಮ್ಯುಯೆಲ್ ಆಲೆನ್ ಮತ್ತು ಆತನ ತಳ್ಳುಕುಂಟೆ

ಬೇಸಾಯದ ಕೆಲಸಗಳಲ್ಲಿ ಕಳೆ ತೆಗೆಯುವಷ್ಟು ಬೇಸರದ ಕೆಲಸವು ಮತ್ತೊಂದಿಲ್ಲ. ಹದ ತಪ್ಪಿದರೆ ಕಳೆಯು ಪೈರನ್ನು ಮೀರಿ ಬೆಳೆಯುವುದು. ಆಳುಗಳು ದಿನವಿಡೀ ಸೊಂಟ ಬಗ್ಗಿಸಿ ದುಡಿದರೂ ಶುದ್ಧವಾಗುವ ನೆಲವು ಸ್ವಲ್ಪವೇ. ಈ ಶ್ರಮವನ್ನು ಕಡಮೆ ಮಾಡುವ ಕೈ ಉಪಕರಣಗಳನ್ನು ನಿರ್ಮಿಸಿ ಖ್ಯಾತಿಗೊಂಡ ಅಮೆರಿಕಾ ದೇಶದ ಸ್ಯಾಮ್ಯುಯೆಲ್ ಲೀಡ್ಸ್ ಆಲೆನ್ ಎಂಬಾತನ ಚರಿತ್ರೆಯು ಗ್ರಾಮದ ಪಟೇಲರೂ ಜಮೀನ್ದಾರರೂ ತಿಳಿಯತಕ್ಕದ್ದಾಗಿದೆ.

ಆಲೆನನು 1841ನೆಯ ಇಸವಿಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದನು. ಆತನ ಮನೆತನವು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ್ದಿತು. ಯೌವನದಲ್ಲಿ ಆತನು ನಗರಕ್ಕೆ ಸಮೀಪವಾದ ನ್ಯೂ ಜೆರ್ಸಿ ಸಂಸ್ಥಾನದ ಸಿನ್ನಮಿನ್ಸನ್ ಎಂಬಲ್ಲಿ ವ್ಯವಸಾಯವನ್ನು ಕೈಕೊಂಡನು. ಯಂತ್ರಶಾಸ್ತ್ರವನ್ನು ಪುಸ್ತಕದಿಂದ ಕಲಿತು ಹೊಲಕ್ಕೆ ಬಂದವನಲ್ಲ. ಹೊಲದ ಕೆಲಸವನ್ನು ಮಾಡುತ್ತಲೇ ಯಂತ್ರದ ಯೋಚನೆಗೆ ಇಳಿದವನು.

1868ರ ಸುಮಾರಿಗೆ ಆತನು ಗೊಬ್ಬರವನ್ನು ಸಾಲಿಗೆ ಸಮನಾಗಿ ಹಾಕುವ ಒಂದು ಸಾಧನವನ್ನು ಕಲ್ಪಿಸಿದನು. ಅದಕ್ಕೆ ಬಳಸಿದ್ದು ಮುಖ ತೊಳೆಯುವ ಎರಡು ತಗಡಿನ ಬೋಗುಣಿಗಳು. ಅವುಗಳ ಅಂಚುಗಳನ್ನು ಒಂದಕ್ಕೊಂದು ಎದುರಾಗಿ ಕೂಡಿಸಿದಾಗ ಅದು ಬಳೆ ತೊಟ್ಟ ಶನಿಗ್ರಹದಂತೆ ಕಾಣಿಸಿತು. ಆದುದರಿಂದ ಅದಕ್ಕೆ ಗ್ರಹವೆಂಬ ಅರ್ಥದ 'ಪ್ಲಾನೆಟ್' ಎಂದು ಹೆಸರಾಯಿತು. ಅನಂತರ ಬಂದ ಕಿರಿಯ ಬೀಜದ ಕೂರಿಗೆಯು 'ಪ್ಲಾನೆಟ್ ಜೂನಿಯರ್' ಎನಿಸಿಕೊಂಡಿತು. ಆಲೆನನ ಕಂಪನಿಯ ಹೊಲದ ಉಪಕರಣಗಳೆಲ್ಲಕ್ಕೂ ಕಾಲಕ್ರಮದಲ್ಲಿ ಈ ಹೆಸರೇ ನಿಂತಿತು.

ಕೈ ಕೂರಿಗೆಯನ್ನು ಒಬ್ಬನೇ ಆಳು ತಳ್ಳಿಕೊಂಡು ಹೋಗಬಹುದು. ಮುಂದಿನ ಗುಳವು ಗೆರೆ ತೆಗೆಯುವುದು. ಪೆಟ್ಟಿಗೆಯ ರಂಧ್ರದಿಂದ ಬೀಜವು ಅದರೊಳಗೆ ಬೀಳುವುದು. ಹಿಂದಿನ ಭಾಗಗಳು ಮಣ್ಣು ಮುಚ್ಚಿ ಅದುಮುವುವು. ಪಕ್ಕದ ಗುರುತುಕಡ್ಡಿಯು ಮುಂದಿನ ಸಾಲಿಗೆ ಗೆರೆ ಎಳೆಯುವುದು. ತಳ್ಳುಕುಂಟೆಯಲ್ಲಿ ಒಂದು ಅಥವಾ ಎರಡು ಗಾಲಿಗಳೂ ಅವುಗಳ ಹಿಂದೆ ಅಲಗುಗಳೂ ಇರುವುವು. ಎರಡು ಗಾಲಿಯದು ಎಳೆಯ ಪೈರಿನ ಸಾಲನ್ನು ನಡುವಿಟ್ಟುಕೊಂಡು ಎರಡು ಕಡೆಗಳಲ್ಲಿಯೂ ಏಕಕಾಲದಲ್ಲಿ ಕಳೆ ಕೊಯ್ಯುವುದು. ಆಳು ನೆಟ್ಟಗೆ ನಿಂತೇ ನಡೆಯುವನು. ಅಲಗನ್ನು ಬಿಚ್ಚಿ ಹಲ್ಲುಗಳನ್ನಾಗಲಿ ಚಿಕ್ಕ ನೇಗಿಲನ್ನಾಗಲಿ ಜೋಡಿಸಬಹುದಾದುದರಿಂದ ಒಂದೇ ಚೌಕಟ್ಟು ಹಲವು ಕೆಲಸಗಳಿಗೆ ಒದಗುವುದು.

ಕೂರಿಗೆಯಿಂದ ಬಿತ್ತಿ ಎಡೆಕುಂಟೆ ಹೊಡೆಯುವ ಕನ್ನಡ ನಾಡಿನ ರೈತನಿಗೆ ಈ ತತ್ತ್ವವು ಹೊಸದಲ್ಲ. ಎತ್ತುಗಳು ತಿರುಗಲಾರದ ತರಕಾರಿಯ ಮಡಿಗಳಲ್ಲಿ ಅದೇ ತತ್ತ್ವವನ್ನು ಮನುಷ್ಯನ ಕೈಯಿಂದ ನಡೆಯಿಸುವುದೇ ಇದರ ವಿಶೇಷ. ಆದರೆ ಇದಕ್ಕೆ ಕಟ್ಟುಪಾಡುಗಳುಂಟು. ಚೆಲ್ಲಿ ಬಿತ್ತಿದ ಹೊಲದಲ್ಲಿ ಇದು ನಿರುಪಯೋಗಿ. ಸಾಲುಗಳು ನೇರವಾಗಿಯೂ ಸಮಾಂತರವಾಗಿಯೂ ಇರತಕ್ಕದ್ದು. ಕಲ್ಲು ಹೆಚ್ಚಾದ ನೆಲದಲ್ಲಿ ಅಲಗು ಹಾರುವುದು. ಹಸಿ ಎರೆಯಲ್ಲಿ ಮಣ್ಣು ಮೆತ್ತಿಕೊಳ್ಳುವುದು. ಕಳೆಯು ಎಳೆಯದಾಗಿರುವಾಗಲೇ ಕೆಲಸವನ್ನಾರಂಭಿಸಬೇಕು. ಬೇರು ಬಲಿತ ಮೇಲೆ ತಳ್ಳುವವನಿಗೆ ಶ್ರಮವೇ ಹೊರತು ಫಲವಿಲ್ಲ. ಸಾಲಿನೊಳಗೆ ಗಿಡಗಳ ನಡುವೆ ಉಳಿದ ಕಳೆಯನ್ನಂತೂ ಕೈಯಿಂದಲೇ ಕೀಳಬೇಕು.

ಬೇಸಾಯದ ಉಪಕರಣಗಳಿಗೆ ಗಿರಾಕಿಯು ಬಿತ್ತನೆಯ ಕಾಲದಲ್ಲಿ ಮಾತ್ರ ಹೆಚ್ಚು. ಉಳಿದ ತಿಂಗಳುಗಳಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಉದ್ಯೋಗವಿಲ್ಲದಂತಾಗುವುದು. ನುರಿತವನನ್ನು ಒಮ್ಮೆ ಬಿಟ್ಟರೆ ಮರಳಿ ದೊರೆಯುವನೆಂಬ ನಂಬಿಕೆಯಿಲ್ಲ. ಅವನ ಸಂಸಾರಕ್ಕೂ ಸಂಕಟ. ವರ್ಷವಿಡೀ ಕೆಲಸ ದೊರೆಯುವಂತೆ ಮಾಡಲು ಆಲೆನನು ಹಿಮದ ಮೇಲೆ ಮಕ್ಕಳು ಜಾರಿ ಆಡುವ ಬಂಡಿಯ ಕಡೆಗೆ ಮನಸ್ಸನ್ನು ತಿರುಗಿಸಿದನು. ಅದುವರೆಗೆ ಅಂತಹ ಬಂಡಿಯನ್ನು ಕಾಲೂರಿ ಎಳೆದು ತಿರುಗಿಸಬೇಕಾಗಿದ್ದಿತು. ಮುಂದಿನ ಅಡ್ಡಪಟ್ಟಿಯನ್ನು ತಿರುಗಿಸಿದರೆ ಕೆಳಗಿನ ಉಕ್ಕಿನ ಪಟ್ಟಿಗಳೇ ಬಾಗಿ ದಾರಿ ಹಿಡಿಯುವ 'ಫ್ಲೆಕ್ಸಿಬಲ್ ಫ್ಲೈಯರ್' ಎಂಬ ಬಂಡಿಗೆ 1889ರಲ್ಲಿ ಆತನು ಪೇಟೆಂಟು ಪಡೆದನು. ಮೊದಮೊದಲು ಮಾರಾಟವು ಕುಂಟಿದರೂ ಮುಂದೆ ಆ ದೇಶದಲ್ಲೆಲ್ಲ ಪ್ರಸಿದ್ಧವಾಯಿತು.

ಮುನ್ನೂರರ ಸಮೀಪ ಪೇಟೆಂಟುಗಳನ್ನು ಪಡೆದ ಆಲೆನನು 1918ರಲ್ಲಿ ಕಾಲವಾದನು. ಆತನ ಬಾಳಿನಿಂದ ಜಮೀನ್ದಾರನು ಗ್ರಹಿಸತಕ್ಕ ಅಂಶಗಳು ಎರಡು. ಆಳು ಎಲ್ಲಿ ಬಗ್ಗಿ ಬಳಲುವನೋ ಅಲ್ಲಿಗೆ ತಾನೇ ಹೋಗಿ ನೋಡಿದವನಿಗೆ ಮಾತ್ರ ತಕ್ಕ ಉಪಕರಣವು ಹೊಳೆಯುವುದು. ಸುಗ್ಗಿಯಲ್ಲಿ ಬೇಕಾದ ಕೈಗಳಿಗೆ ಬಿಡುವಿನ ತಿಂಗಳುಗಳಲ್ಲಿಯೂ ದುಡಿಮೆಯನ್ನು ಕಲ್ಪಿಸಿದವನಿಗೆ ಹದದ ವೇಳೆಯಲ್ಲಿ ಆಳಿನ ಕೊರತೆಯುಂಟಾಗದು.