ಸಂಕಟಸೂಚಕ ಪ್ರೋಟೀನೂ ರಕ್ತದ ಅರ್ಬುದವೂ

ಮಾಯಕೊಂಡದಿಂದ ನಮ್ಮ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ನಿಮಿತ್ತ. "ಕೆಟ್ಟ ಕೋಶಗಳನ್ನು ಕೊಲ್ಲುವ ಕೋಶಗಳು ರಕ್ತದಲ್ಲಿಯೇ ಇರುವಾಗ, ರಕ್ತದ ಅರ್ಬುದವು ಬದುಕಿ ಉಳಿಯುವುದು ಹೇಗೆ, ಸಾರ್?" ಎಂದು ಅವನು ಕೇಳಿದನು. ಅವನ ಊರಿನ ಹಿರಿಯರೊಬ್ಬರಿಗೆ ಚಿಕಿತ್ಸೆಯಿಂದ ಗುಣವಾದಂತೆ ತೋರಿದ ಲ್ಯುಕೀಮಿಯಾ ವರ್ಷದೊಳಗೆ ಮರುಕಳಿಸಿತ್ತು. ಪ್ರಶ್ನೆ ಪುಸ್ತಕದಿಂದ ಹುಟ್ಟಿದುದಾಗಿರಲಿಲ್ಲ.

ಅವನು ಹೇಳಿದ ಕೋಶಗಳಿಗೆ 'ಸಹಜ ಹಂತಕ ಕೋಶ'ಗಳೆಂಬ ಹೆಸರು ಬಂದುದು ೧೯೭೫ರಲ್ಲಿ. ಸ್ಟಾಕ್‌ಹೋಮಿನ ಕರೋಲಿನ್‌ಸ್ಕ ಸಂಸ್ಥೆಯ ಕೀಸ್ಲಿಂಗ್, ಕ್ಲೈನ್ ಮತ್ತು ವಿಗ್ಜೆಲ್ ಎಂಬವರು, ಮೊದಲಿನ ಪರಿಚಯವೇನೂ ಇಲ್ಲದೆ ಇಲಿಯ ಲ್ಯುಕೀಮಿಯಾ ಕೋಶಗಳನ್ನು ಕೊಲ್ಲಬಲ್ಲ ಬಿಳಿಯ ರಕ್ತಕಣಗಳನ್ನು ಗುರುತಿಸಿದರು. ಹೀಗೆ ಇವುಗಳ ಚರಿತ್ರೆ ರಕ್ತದ ಅರ್ಬುದದೊಡನೆಯೇ ಮೊದಲಾಗುತ್ತದೆ. ಇವು ಪರ್ಫೊರಿನ್ ಎಂಬ ವಸ್ತುವಿನಿಂದ ವೈರಿಕೋಶದ ಪೊರೆಯಲ್ಲಿ ರಂಧ್ರಮಾಡಿ, ಗ್ರಾನ್‌ಜೈಮ್ ಎಂಬ ಕಿಣ್ವಗಳನ್ನು ಒಳಹೊಗಿಸುತ್ತವೆ.

ಆದರೆ ವೈರಿ ಯಾರೆಂದು ತಿಳಿಯುವುದು ಹೇಗೆ? ಶಾಖ, ವೈರಸ್ಸಿನ ಸೋಂಕು, ಅರ್ಬುದವಾಗುವ ಮಾರ್ಪಾಟು ಮೊದಲಾದ ಸಂಕಟಗಳಿಗೆ ಒಳಗಾದ ಕೋಶವು ತನ್ನ ಹೊರಮೈಯಲ್ಲಿ ಎಂ.ಐ.ಸಿ.-ಎ ಎಂಬ ಪ್ರೋಟೀನನ್ನು ಪ್ರಕಟಿಸುತ್ತದೆ. (ಇದನ್ನು 'ಮೈಕಾ' ಎಂದು ಓದುವುದುಂಟು; ಅಭ್ರಕಕ್ಕೂ ಇದಕ್ಕೂ ಸಂಬಂಧವಿಲ್ಲ.) ಇದರ ಜೀನು ನಮ್ಮ ಆರನೆಯ ವರ್ಣತಂತುವಿನಲ್ಲಿದೆ. ಹಂತಕ ಕೋಶದ ಮೇಲಿನ ಎನ್.ಕೆ.ಜಿ.೨.ಡಿ. ಎಂಬ ಗ್ರಾಹಕವು ಇದನ್ನು ಹಿಡಿಯುತ್ತದೆಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಸ್ಪೀಸ್ ಮತ್ತು ಅವರ ಸಹೋದ್ಯೋಗಿಗಳು ೧೯೯೯ರಲ್ಲಿ ತೋರಿಸಿದರು. ಹಿಡಿತ ಬಲವಾದರೆ ಕೊಲೆಗೆ ಅಪ್ಪಣೆಯಾದಂತೆಯೇ ಸರಿ.

ಇಲ್ಲಿಯವರೆಗೆ ವಿಷಯ ಸುಲಭ. ತೊಡಕಿರುವುದು ಮುಂದೆ. ಅರ್ಬುದ ಕೋಶಗಳು ಈ ಪ್ರೋಟೀನನ್ನು ಕಿಣ್ವಗಳ ಮೂಲಕ ಕತ್ತರಿಸಿ ರಕ್ತಕ್ಕೆ ಚೆಲ್ಲುತ್ತವೆ. ಕಳ್ಳನು ನುಗ್ಗಿದ ಮನೆಯವರು ಕೂಗಿದರೆ ಕಾವಲುಗಾರನು ಅಲ್ಲಿಗೆ ಓಡುತ್ತಾನೆ. ಬೀದಿಬೀದಿಗಳಲ್ಲಿಯೂ ಅದೇ ಕೂಗು ಕೇಳತೊಡಗಿದರೆ ಅವನು ಎತ್ತ ಓಡಬೇಕು? ಉಪಮಾನ ಇಷ್ಟಕ್ಕೆ ಸಾಲದು: ಬಿಡಿಯಾದ ಪ್ರೋಟೀನು ಅಂಟಿಕೊಂಡಾಗ ಹಂತಕ ಕೋಶವು ತನ್ನ ಗ್ರಾಹಕವನ್ನೇ ಒಳಗೆ ಎಳೆದುಕೊಳ್ಳುತ್ತದೆ, ಕಾವಲುಗಾರನ ಕಿವಿಯೇ ಮಂದವಾಗುತ್ತದೆ. ಗಡ್ಡೆಯ ಅರ್ಬುದಗಳಲ್ಲಿ, ಟಿ-ಕೋಶಗಳ ವಿಷಯವಾಗಿ, ಇದು ೨೦೦೨ರಲ್ಲಿ ತಿಳಿದುಬಂದಿತು. ಲ್ಯುಕೀಮಿಯಾ ರೋಗಿಗಳ ಸೀರಮ್ಮಿನಲ್ಲಿಯೂ ಬಿಡಿಯಾದ ಪ್ರೋಟೀನು ಇರುವುದನ್ನು ೨೦೦೩ರಲ್ಲಿ ಜರ್ಮನಿಯ ಸಂಶೋಧಕರು ಕಂಡರು. ಆದುದರಿಂದ ಈ ಪ್ರೋಟೀನು ರಕ್ತದಲ್ಲಿ ಹೆಚ್ಚಾಗಿದೆಯೆಂದ ಮಾತ್ರಕ್ಕೆ ರಕ್ಷಣೆ ಬಲವಾಗಿದೆಯೆಂದು ಎಣಿಸಲಾಗದು. ಅದು ಎಲ್ಲಿದೆಯೆಂಬುದೇ ಮುಖ್ಯ. ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಮರುಕಳಿಕೆಯ ಮಾತಿಗೆ ಬರೋಣ. ೨೦೧೯ರಲ್ಲಿ ಬಾಸೆಲ್ ಮತ್ತು ಟ್ಯೂಬಿಂಗೆನ್ ನಗರಗಳ ವಿಜ್ಞಾನಿಗಳು ತೀವ್ರ ಮೈಲಾಯ್ಡ್ ಲ್ಯುಕೀಮಿಯಾದ ಕೋಶಗಳನ್ನು ಎರಡು ಪಂಗಡಗಳಾಗಿ ಬೇರ್ಪಡಿಸಿದರು. ಸಂಕಟದ ಗುರುತುಗಳುಳ್ಳ ಕೋಶಗಳು ಹಂತಕಗಳಿಗೆ ಬಲಿಯಾದವು. ಗುರುತುಗಳನ್ನು ತೋರದ ಕೋಶಗಳು ತಪ್ಪಿಸಿಕೊಂಡವು. ರೋಗವನ್ನು ಮತ್ತೆ ಬೆಳೆಸಬಲ್ಲ ಮೂಲಕೋಶಗಳ ಲಕ್ಷಣಗಳು ಇವುಗಳಲ್ಲಿಯೇ ಇದ್ದವು. ಇವು ಗುರುತುಗಳನ್ನು ಕತ್ತರಿಸಿ ಚೆಲ್ಲುವ ಗೋಜಿಗೇ ಹೋಗುವುದಿಲ್ಲ. ಪಾರ್ಪ್-೧ ಎಂಬ ಕಿಣ್ವದ ನೆರವಿನಿಂದ ಅವು ಹುಟ್ಟದಂತೆಯೇ ತಡೆಯುತ್ತವೆ. ಕೂಗದ ಮನೆಗೆ ಕಾವಲುಗಾರನು ಹೋಗುವುದೆಂತು? ಪಾರ್ಪ್-೧ನ್ನು ಔಷಧದಿಂದ ತಡೆದಾಗ ಗುರುತುಗಳು ಮತ್ತೆ ಮೂಡಿದವು. ಮನುಷ್ಯರ ಲ್ಯುಕೀಮಿಯಾ ಕೋಶಗಳನ್ನು ಹೊತ್ತ ಇಲಿಗಳಲ್ಲಿ, ಈ ಔಷಧವನ್ನೂ ಹಂತಕ ಕೋಶಗಳನ್ನೂ ಒಟ್ಟಿಗೆ ಕೊಟ್ಟಾಗ, ರೋಗವು ತಗ್ಗಿತು.

ಈ ಬಗೆಯ ಔಷಧಗಳು ಅಂಡಾಶಯದ ಅರ್ಬುದದ ಚಿಕಿತ್ಸೆಯಲ್ಲಿ ಈಗಾಗಲೇ ಬಳಕೆಯಲ್ಲಿವೆ. ಆದರೆ ಮೇಲೆ ಹೇಳಿದ ಫಲ ಕಂಡುದು ಇಲಿಗಳಲ್ಲಿ. ಮಾಯಕೊಂಡದ ಆ ವಿದ್ಯಾರ್ಥಿಗೂ ನಾನು ಹಾಗೆಂದೇ ಹೇಳಿದೆನು.