ದೆವ್ವದ ಪಿಚ್ಚರ್‌ಗೂ ಒಂದು ಭಂಡಾರ ಬೇಕು

ಹಬ್ಬ ಬಂದರೆ ವಂತಿಗೆ ಎತ್ತಿ ‘ವಿಡಿಯೋ ಹಾಕಿಸುತ್ತಿದ್ದ’ ಕಾಲ ಮಂಡ್ಯ ಸೀಮೆಯ ನಡುವಯಸ್ಸಿನವರಿಗೆ ಚೆನ್ನಾಗಿ ನೆನಪಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಪೇಟೆಗಳಿಂದ ಕಲರ್ ಟಿ.ವಿ., ಕ್ಯಾಸೆಟ್ ಓಡಿಸುವ ವಿಸಿಪಿ, ಜತೆಗೆ ನಾಲ್ಕಾರು ಕ್ಯಾಸೆಟ್ ಬಾಡಿಗೆಗೆ ಬರುತ್ತಿದ್ದವು. ಮೊದಲು ದೇವರ ಚಿತ್ರ, ಆಮೇಲೆ ರಾಜ್‌ಕುಮಾರ್, ವಿಷ್ಣುವರ್ಧನ್, ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಶ್. ದೆವ್ವದ ಪಿಚ್ಚರ್ ಸರದಿ ನಡುರಾತ್ರಿಗೆ.

1982ರ ದೆಹಲಿ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿ.ವಿ. ಬಂತು, ಹಿಂದೆಯೇ ವಿಡಿಯೋ ಪಾರ್ಲರ್‌ಗಳೂ ಬಂದವು. ಅವುಗಳಿಗೆ ಕಡಿವಾಣ ಹಾಕಲು ಕರ್ನಾಟಕ ಕಾಯ್ದೆಯನ್ನೇ ಮಾಡಬೇಕಾಯಿತು.

ಆ ರಾತ್ರಿಗಳ ರಾಜ ‘ನಾ ನಿನ್ನ ಬಿಡಲಾರೆ’. ವಿಜಯ್ ನಿರ್ದೇಶನ, 1979. ಕಾಮಿನಿ ಎಂಬುವಳ ಪ್ರೇತ ಮೈಮೇಲೆ ಬಂದ ಗಂಡನಾಗಿ ಅನಂತನಾಗ್, ಅವನನ್ನು ಉಳಿಸಿಕೊಳ್ಳಲು ರಾಯರ ಮೊರೆಹೋಗುವ ಹೆಂಡತಿಯಾಗಿ ಲಕ್ಷ್ಮಿ. ಅಲ್ಲಿ ಹೆದರಿಸುವುದು ಯಂತ್ರದ ಚಮತ್ಕಾರವಲ್ಲ, ಒಬ್ಬ ನಟನ ಕಣ್ಣು ಮತ್ತು ಕಂಠ. ಟಾಕೀಸಿನಲ್ಲಿ ಕಣ್ಣುಮುಚ್ಚಿ ಕಳೆದುಕೊಂಡದ್ದನ್ನು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಮತ್ತೆ ನೋಡಬಹುದಿತ್ತು. ಅನಂತನಾಗ್ ಎಂಥ ನಟನೆಂದು ಹಳ್ಳಿಯ ಜನ ವಿಮರ್ಶಕರಿಗಿಂತ ಮೊದಲೇ ಅರಿತದ್ದು ಹೀಗೆ ಎಂಬುದು ನನ್ನ ನಂಬಿಕೆ. ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ ಬಂದ ‘ತುಳಸಿದಳ’ (1985), ಶೂಟಿಂಗ್ ತಂಡವೇ ದೆವ್ವದ ಕಾಟಕ್ಕೆ ಸಿಕ್ಕುವ ಉಪೇಂದ್ರರ ‘ಶ್!’ (1993) ಇದೇ ಸಾಲಿನವು.

ಮುಂದೆ ವಿಸಿಡಿ ಬಂತು. ಒಂದು ಡಿಸ್ಕ್‌ಗೆ 74 ನಿಮಿಷದಷ್ಟೇ ಜಾಗ, ಹಾಗಾಗಿ ಕನ್ನಡ ಚಿತ್ರಕ್ಕೆ ಎರಡು ಮೂರು ಡಿಸ್ಕ್. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ ಇಳಿಸಿದಾಗ ಬಾಡಿಗೆ ಅಂಗಡಿಗಳ ಕಾಲು ಕುಸಿಯಿತು. ಬಾಡಿಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಪಿಚ್ಚರೇ ಸ್ವಂತ!

ಇವತ್ತು ಆ ದೆವ್ವದ ಚಿತ್ರಗಳನ್ನು ಮೊಬೈಲ್‌ನಲ್ಲಿ ನೋಡಿದರೆ ಸಂಕಟವಾಗುತ್ತದೆ. ಬಣ್ಣ ಮಾಸಿದೆ, ಅಂಚು ಕತ್ತರಿಸಿದೆ, ಕತ್ತಲ ದೃಶ್ಯದಲ್ಲಿ ಕಪ್ಪು ಚೌಕಗಳು ಕುಣಿಯುತ್ತವೆ. ಕತ್ತಲೆಯೇ ಜೀವಾಳವಾದ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಹಿಂದಿಯಲ್ಲಿ ದೆವ್ವದ ಚಿತ್ರ ಮಾಡುತ್ತಿದ್ದ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (1984), ‘ಬಂದ್ ದರ್ವಾಜಾ’ (1990) ಚಿತ್ರಗಳನ್ನು ಮೊಂಡೋ ಮಕಾಬ್ರೊ ಎಂಬ ವಿದೇಶಿ ಸಂಸ್ಥೆ ಡಿವಿಡಿ ಮಾಡಿ ಹೊರದೇಶದ ನೋಡುಗರಿಗೆ ಮುಟ್ಟಿಸಿತು. ನಮ್ಮ ‘ಘಟಶ್ರಾದ್ಧ’ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುತುವರ್ಜಿಯಿಂದ ಹೊಸ ರೂಪ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವ ತಲುಪಿತು. ಆ ಗೌರವ ಅದಕ್ಕೆ ಸಲ್ಲಲೇಬೇಕಿತ್ತು. ಆದರೆ ಪ್ರಶಸ್ತಿಯ ಚಿತ್ರಕ್ಕೆ ಮಾತ್ರ ಆರೈಕೆ, ಊರು ಊರೇ ಎದ್ದು ಕೂತು ನೋಡಿದ ಚಿತ್ರಕ್ಕೆ ಅಟ್ಟದ ಧೂಳು ಎಂಬುದನ್ನು ನಾನು ಒಪ್ಪಲಾರೆ. ನಿರ್ಮಾಪಕರ ಕುಟುಂಬಗಳು ನೆಗೆಟಿವ್ ಹುಡುಕಬೇಕು. ಚಲನಚಿತ್ರ ಅಕಾಡೆಮಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅವರೊಡನೆ ಕೂರಬೇಕು.

ನೆಗೆಟಿವ್ ಸಿಗದೆ ಹೋದರೆ ಹಳೆಯ ಕ್ಯಾಸೆಟ್ಟೇ ಗತಿ. ಆದರೆ ಅದನ್ನು ಓಡಿಸುವ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಆ ತಯಾರಿಕೆ ನಿಲ್ಲಿಸಿದೆ. ಹಿಂದೆ ವಿಡಿಯೋ ಅಂಗಡಿ ನಡೆಸಿದವರ ಮನೆಯಲ್ಲಿ ಕ್ಯಾಸೆಟ್ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ. ಬೂಷ್ಟು ಹಿಡಿದಿದ್ದರೆ ‘ಓಡುತ್ತಾ ನೋಡೋಣ’ ಎಂದು ಪ್ಲೇಯರ್‌ಗೆ ಹಾಕಬೇಡಿ. ಟೇಪ್ ಹರಿಯುತ್ತದೆ, ಹೆಡ್‌ಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೊದಲು ಬಲ್ಲವರಿಂದ ಶುಚಿ ಮಾಡಿಸಿ, ಆಮೇಲೆ ಡಿಜಿಟಲ್ ಪ್ರತಿ ತೆಗೆಸಿ.