ಕೆಂಪು ದೀಪಕ್ಕೆ ಪಿನ್ನು ಚುಚ್ಚಬೇಡಿ

ಜುಲೈ ತಿಂಗಳು. ತೀರ್ಥಹಳ್ಳಿ ಕಡೆ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಊರಿನಿಂದ ಚಿಕ್ಕಪ್ಪನ ಫೋನು ಬಂತು. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗದ ಊರು ಅದು. ಕೊಡೆ ಹಿಡಿದುಕೊಂಡು ತೋಟದಾಚೆಯ ದಿಬ್ಬ ಹತ್ತಿ ಮಾತಾಡುತ್ತಿದ್ದರು. “ನೆಟ್ ಹೋಗಿದೆ ಮಾರಾಯ. ಪೆಟ್ಟಿಗೇಲಿ ಎಂತದೋ ಕೆಂಪು ಲೈಟು ಮಿಣಮಿಣ ಅಂತಿದೆ. ಇವಳದ್ದು ಸಿಇಟಿ ಆಪ್ಷನ್ ಎಂಟ್ರಿ ಬೇರೆ ಬಾಕಿ ಇದೆ. ನಾಡಿದ್ದೇ ಕಡೇ ದಿನ.”

ಯಾವ ದೀಪ ಕೆಂಪಾಗಿದೆ ಎಂದು ಕೇಳುವಷ್ಟರಲ್ಲಿ ಅವರೇ ಮುಂದುವರಿಸಿದರು. “ಹಿಂದಿನ ತೂತಿಗೆ ಪಿನ್ನು ಹಾಕಿ ಹತ್ತು ಎಣಿಸೋವರೆಗೂ ಒತ್ತಿ ನೋಡ್ದೆ. ಪೇಟೇಲಿ ಯಾರೋ ಹಾಗೆ ಮಾಡಿದ್ರೆ ಸರಿಯಾಗತ್ತೆ ಅಂದಿದ್ರು.”

ನನ್ನ ಎದೆ ಧಸಕ್ಕೆಂದಿತು. ಒಂದು ದಿನದಲ್ಲಿ ಮುಗಿಯಬಹುದಾಗಿದ್ದ ತೊಂದರೆ ಆ ಒಂದು ಪಿನ್ನಿನಿಂದ ನಾಲ್ಕು ದಿನಕ್ಕೆ ಹಿಗ್ಗಿತು.

ಕೆಂಪಾಗಿದ್ದದ್ದು ಎಲ್‌ಒಎಸ್ ಎಂದು ಬರೆದಿರುವ ದೀಪ. ಹೊರಗಿನಿಂದ ಬರಬೇಕಾದ ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ಲೈನಿನ ಹುಡುಗರು ಕೂಡ ಹಾಗೇ ಹೇಳುತ್ತಾರೆ: “ಲೈಟ್ ಬರ್ತಿಲ್ಲ ಸಾರ್.” ಅವರ ಮಾತು ಅಕ್ಷರಶಃ ನಿಜ. ಫೈಬರ್ ಎಂದರೆ ತಲೆಗೂದಲಿನಷ್ಟು ಸಪೂರದ ಗಾಜಿನ ಎಳೆ. ಎಕ್ಸ್‌ಚೇಂಜಿನಿಂದ ನಮ್ಮ ಮನೆಗೆ 1490 ನ್ಯಾನೋಮೀಟರ್ ತರಂಗಾಂತರದ ಬೆಳಕು ಬರುತ್ತದೆ, ನಮ್ಮ ಪೆಟ್ಟಿಗೆಯಿಂದ 1310ರ ಬೆಳಕು ವಾಪಸು ಹೋಗುತ್ತದೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಹಾಗೆಂದು ಕಳಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದು ಕ್ಷೇಮವಲ್ಲ. ಆ ತುದಿಗೆ ಬೆರಳು ತಾಗಿಸಿದರೂ ಕೆಟ್ಟಿತು, ಬೆರಳಿನ ಜಿಡ್ಡು ಸಾಕು ಬೆಳಕನ್ನು ತಡೆಯಲು.

ಒಂದೊಂದು ಮನೆಗೂ ಬೇರೆ ಬೇರೆ ಬೆಳಕು ಬರುವುದಿಲ್ಲ ಎನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಂದೇ ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ 16, 32 ಅಥವಾ 64 ಪಾಲು ಮಾಡಿ ಹಂಚುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ. ತೋಟದ ಮೇಲಿನ ಕಾಲುವೆ ನೀರನ್ನು ಮನೆಮನೆಗೆ ತಿರುಗಿಸಿಕೊಂಡಂತೆ. ಹಾಗಾಗಿ ನಮ್ಮ ಪಾಲಿಗೆ ಬರುವುದು ಮೊದಲೇ ತುಸು ಬೆಳಕು. ಅದನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಲೈನಿನವರ ಬಾಯಲ್ಲಿ ಬರೀ ‘ಡಿಬಿ’. ಮೈನಸ್ 18, ಮೈನಸ್ 22 ಎಂದು ಮೀಟರ್ ತೋರಿಸಿದರೆ ಲೈನ್ ಚೆನ್ನಾಗಿದೆ. ಸಾಮಾನ್ಯವಾಗಿ ಮೈನಸ್ 27 ಕಡೆಯ ಮೆಟ್ಟಿಲು. ಅದಕ್ಕಿಂತ 3 ಇಳಿದು ಮೈನಸ್ 30 ಆಯಿತೆಂದರೆ ಬೆಳಕು ಅರ್ಧಕ್ಕರ್ಧ ಕಮ್ಮಿಯಾಯಿತು ಎಂದರ್ಥ. ಕೇಬಲ್ ತುಂಡಾಗಲೇಬೇಕೆಂದಿಲ್ಲ. ಅಡಿಕೆ ಸೋಗೆ ಬಿದ್ದು ಒಂದು ಕಡೆ ಮಡಚಿಕೊಂಡರೆ, ಮಂಗ ಜೋತುಬಿದ್ದು ಎಳೆದರೆ, ಕೀಲಿನ ಡಬ್ಬಿಗೆ ನೀರು ಹೊಕ್ಕರೆ ಸಾಕು. ಮಲೆನಾಡಿನಲ್ಲಿ ಈ ಮೂರೂ ಮಳೆಗಾಲದ ನಿತ್ಯದ ಕಥೆ.

ಚಿಕ್ಕಪ್ಪನ ಮನೆಯ ಕೇಬಲ್ಲಿಗೆ ಬಿದ್ದದ್ದು ಹಲಸಿನ ಕೊಂಬೆ. ಮರುದಿನ ಮಳೆ ಹೊಳವಾದಾಗ ಲೈನಿನ ಹುಡುಗ ಬಂದ, ಬೈಕಿನ ಹಿಂದೆ ಸ್ಪ್ಲೈಸಿಂಗ್ ಮಿಷನ್ ಕಟ್ಟಿಕೊಂಡು. ಜಗಲಿಯಲ್ಲಿ ಕೂತು ಗಾಜಿನ ಎಳೆಯ ಎರಡು ತುದಿ ಸುಲಿದು, ಒರೆಸಿ, ಕತ್ತರಿಸಿ, ಮಿಷನ್ನಿನೊಳಗೆ ಎದುರುಬದುರು ಇಟ್ಟ. ಕಿಡಿಯ ಬಿಸಿಗೆ ಕರಗಿ ಎರಡೂ ಒಂದಾದವು. ಮುಕ್ಕಾಲು ಗಂಟೆಯ ಕೆಲಸ. ಮೀಟರ್ ಮೈನಸ್ 21 ತೋರಿಸಿತು, ಕೆಂಪು ದೀಪ ಆರಿತು, ಎಕ್ಸ್‌ಚೇಂಜಿನ ಸಂಪರ್ಕ ಸಿಕ್ಕಿತೆಂದು ಹೇಳುವ ಪಿಒಎನ್ ದೀಪ ಹಸಿರಾಗಿ ನಿಂತಿತು. ನೆಟ್ ಮಾತ್ರ ಬರಲಿಲ್ಲ.

ಯಾಕೆಂದರೆ ಪೆಟ್ಟಿಗೆಗೆ ತಾನು ಯಾರೆಂಬುದೇ ಮರೆತುಹೋಗಿತ್ತು. ರೀಸೆಟ್ ತೂತಿಗೆ ಪಿನ್ನು ಹಾಕಿ ಒತ್ತಿ ಹಿಡಿದರೆ ಅದು ಕಾರ್ಖಾನೆಯಿಂದ ಹೊರಟ ದಿನದ ಸ್ಥಿತಿಗೆ ಹೋಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿಹೋದರೆ ಮತ್ತೆ ಬರೆದುಕೊಳ್ಳಬಹುದು. ಆದರೆ ಕಂಪನಿಯವರು ಮೊದಲ ದಿನ ತುಂಬಿದ್ದ ಯೂಸರ್‌ನೇಮ್, ಅದರ ಪಾಸ್‌ವರ್ಡ್, ಯಾವ ಜಾಲಕ್ಕೆ ಸೇರಬೇಕೆಂದು ಹೇಳುವ ವಿಲ್ಯಾನ್ ಸಂಖ್ಯೆ ಇವೂ ಹೋಗುತ್ತವೆ. ಕೆಲವು ಕಂಪನಿಗಳ ಪೆಟ್ಟಿಗೆಗಳಿಗೆ ಈ ವಿವರ ದೂರದಿಂದ ತಾನಾಗಿ ಮತ್ತೆ ಬಂದು ಕೂರುತ್ತದೆ. ಚಿಕ್ಕಪ್ಪನದ್ದು ಆ ಪೈಕಿ ಆಗಿರಲಿಲ್ಲ. ಲೈನಿನ ಹುಡುಗನಿಗೆ ಆ ವಿವರ ಗೊತ್ತಿಲ್ಲ, ಕಚೇರಿಗೆ ಎರಡನೇ ಶನಿವಾರ, ಭಾನುವಾರದ ರಜೆ. ಕಾಲ್ ಸೆಂಟರಿನವರು “ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ” ಎಂಬುದನ್ನೇ ಮೂರು ಸಲ ಹೇಳಿದರು. ಚಿಕ್ಕಪ್ಪನ ಮಗಳು, ನನ್ನ ತಂಗಿ, ತೀರ್ಥಹಳ್ಳಿಯ ನೆಂಟರ ಮನೆಗೆ ಹೋಗಿ ಆಪ್ಷನ್ ಎಂಟ್ರಿ ಮುಗಿಸಿ ಬಂದಳು. ಅಂಥ ಮಳೆಯಲ್ಲಿ ಹದಿನೆಂಟು ವರ್ಷದ ಹುಡುಗಿ, ಮುಂದಿನ ನಾಲ್ಕು ವರ್ಷದ ಓದನ್ನು ನಿರ್ಧರಿಸುವ ಪಟ್ಟಿ ಹಿಡಿದುಕೊಂಡು ಬಸ್ಸಿಗೆ ಕಾದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹಳ್ಳಿಮನೆಗಳಿಗೆ ನೆಟ್ ಈಗ ಕರೆಂಟಿನಷ್ಟೇ ಬೇಕಾದ ವಸ್ತು. ಅದು ಹೋದಾಗ ಏನು ನೋಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಇಷ್ಟು ಗೊತ್ತಿದ್ದಿದ್ದರೆ ಮೂರು ದಿನವಾದರೂ ಉಳಿಯುತ್ತಿತ್ತು. ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕುವುದು ರೀಸ್ಟಾರ್ಟ್. ಅದರಿಂದ ಯಾವ ನಷ್ಟವೂ ಇಲ್ಲ, ಎಷ್ಟೋ ಸಲ ಗುಣವೂ ಕಾಣುತ್ತದೆ. ಈ ಪೆಟ್ಟಿಗೆ, ಅಂದರೆ ರೂಟರ್ ಕೂಡ ಒಂದು ಚಿಕ್ಕ ಕಂಪ್ಯೂಟರೇ. ವಾರಗಟ್ಟಲೆ ಬಿಡುವಿಲ್ಲದೆ ದುಡಿದು ಅದರ ಸಣ್ಣ ನೆನಪು ತುಂಬಿರುತ್ತದೆ. ಆರಿಸಿ ಹಚ್ಚಿದಾಗ ಎಲ್ಲ ಖಾಲಿಯಾಗಿ ಕಂಪನಿಯ ಜೊತೆ ಹೊಸದಾಗಿ ಮಾತು ಶುರುವಾಗುತ್ತದೆ. ಪಿನ್ನಿನ ತೂತು ಮಾತ್ರ ಕಟ್ಟಕಡೆಯದು. ಕಂಪನಿಯವರು ಫೋನಿನಲ್ಲಿದ್ದು, ವಿವರ ಮತ್ತೆ ತುಂಬಿಕೊಡುತ್ತೇವೆ ಎಂದು ಹೇಳಿದ ಮೇಲಷ್ಟೇ ಅದಕ್ಕೆ ಕೈ ಹಾಕಬೇಕು.

“ನೆಟ್ ಇಲ್ಲ” ಎಂಬ ಒಂದೇ ಮಾತಿನೊಳಗೆ ನಾಲ್ಕಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ನಾನು ಕಲಿತ ಕ್ರಮ ಹೊರಗಿನಿಂದ ಒಳಕ್ಕೆ ಬರುವುದು: ಮೊದಲು ಬೆಳಕು, ಆಮೇಲೆ ತಂತಿ, ಕೊನೆಗೆ ಗಾಳಿ. ಎಲ್‌ಒಎಸ್ ಕೆಂಪಾಗಿದ್ದರೆ ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಏನು ಬದಲಿಸಿದರೂ ಉಪಯೋಗವಿಲ್ಲ. ಪೆಟ್ಟಿಗೆಯ ಹಿಂದಿನ ಹಳದಿ ಅಥವಾ ಬಿಳಿ ಕೇಬಲ್ ಎಲ್ಲಾದರೂ ಚೂಪಾಗಿ ಮಡಚಿದೆಯೇ, ಕುರ್ಚಿಯ ಕಾಲಡಿ ಸಿಕ್ಕಿದೆಯೇ ನೋಡಿ. ಅದೇ ಕಂಪನಿಯ ಲೈನಿರುವ ಪಕ್ಕದ ಮನೆಯವರನ್ನು ಕೇಳಿ. ಅವರಿಗೂ ಇಲ್ಲವೆಂದರೆ ತೊಂದರೆ ಸ್ಪ್ಲಿಟರಿನಿಂದ ಆಚೆಗಿದೆ. ಅವರಿಗೆ ಇದೆ, ನಮಗಿಲ್ಲ ಎಂದರೆ ನಮ್ಮ ಮನೆಗೆ ಬರುವ ಎಳೆಯಲ್ಲೇ ದೋಷ.

ದೀಪವೆಲ್ಲ ಹಸಿರಾಗಿದ್ದು ನೆಟ್ ಬಾರದಿದ್ದರೆ ಮೊದಲು ರೀಚಾರ್ಜ್ ಮುಗಿದಿದೆಯೇ ನೋಡುವುದು ಒಳ್ಳೆಯದು. ಹಣ ಕಟ್ಟದೆ ನಿಂತುಹೋದ ಸಂಪರ್ಕವನ್ನು ರೂಟರ್ ಕೆಟ್ಟಿದೆ ಎಂದು ತಿಳಿದು ಒದ್ದಾಡುವವರು ನಮ್ಮ ಮನೆಯಲ್ಲೇ ಇದ್ದಾರೆ. ಅದೂ ಸರಿಯಿದ್ದರೆ ಒಂದು ಲ್ಯಾನ್ ಕೇಬಲನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿ. ತಂತಿಯಲ್ಲಿ ಸರಿಯಾಗಿ ಬಂದು ವೈಫೈಯಲ್ಲಿ ಬಾರದಿದ್ದರೆ ಕಂಪನಿಗೆ ಫೋನು ಮಾಡಿ ಫಲವಿಲ್ಲ, ರೋಗ ಮನೆಯ ಗಾಳಿಯಲ್ಲಿದೆ.

ಅಡಾಪ್ಟರನ್ನು ಯಾರೂ ಅನುಮಾನಿಸುವುದೇ ಇಲ್ಲ. ವೋಲ್ಟೇಜ್ ಏರಿಳಿಯುವ ಹಳ್ಳಿ ಫೀಡರುಗಳಲ್ಲಿ ಎರಡು ಮೂರು ವರ್ಷಕ್ಕೆ ಅದು ಸೊರಗುತ್ತದೆ. ದೀಪ ಉರಿಯುತ್ತಿರುತ್ತದೆ, ಆದರೆ ನಾಲ್ಕು ಜನ ಒಟ್ಟಿಗೆ ಬಳಸತೊಡಗಿದ ಕೂಡಲೇ ಪೆಟ್ಟಿಗೆ ತಾನಾಗಿ ಆರಿ ಹತ್ತುತ್ತದೆ. ಬದಲಿಸುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಬಹುಪಾಲು 12. ಆಂಪಿಯರ್ ಹಳೆಯದರಷ್ಟೋ ಅದಕ್ಕಿಂತ ಹೆಚ್ಚೋ ಇರಬಹುದು. ತಾಮ್ರದ ಫೋನ್ ತಂತಿಯ ಕಾಲದಲ್ಲಿ ಗುಡುಗು ಕೇಳಿದೊಡನೆ ಚಿಕ್ಕಪ್ಪ ಓಡಿಹೋಗಿ ಮೋಡೆಮ್ಮಿನ ಎರಡೂ ವೈರು ಕೀಳುತ್ತಿದ್ದರು. ಗಾಜಿನಲ್ಲಿ ಸಿಡಿಲು ಹರಿಯದು. ಆದರೆ ಕರೆಂಟಿನ ತಂತಿಯಲ್ಲಿ ಹರಿದು ಬರುತ್ತದೆ, ಕೇಬಲ್ಲಿಗೆ ಬಿಗುವು ಕೊಡಲು ಸೇರಿಸಿರುವ ಉಕ್ಕಿನ ತಂತಿಯಲ್ಲೂ ಬರಬಹುದು. ಅಡಾಪ್ಟರ್ ಕೀಳುವ ಆ ಹಳೆಯ ರೂಢಿಯನ್ನು ಅವರು ಬಿಡದಿರುವುದು ಸರಿಯಾಗಿಯೇ ಇದೆ.

ಇನ್ನು ಗಾಳಿ. ವೈಫೈ ಓಡಾಡುವುದು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ದಾರಿಗಳಲ್ಲಿ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಮ್ಮಿ. ಎರಡನೆಯದು ವೇಗದ್ದು, ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆಗೆದರೆ ನೆರೆಹೊರೆಯ ಇಪ್ಪತ್ತು ವೈಫೈ ಹೆಸರು ಕಾಣುತ್ತವೆ. ಎಲ್ಲವೂ 2.4ರಲ್ಲೇ ಕಿಕ್ಕಿರಿದಿರುತ್ತವೆ. ಆ ದಾರಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಇಂಥ ಕಡೆ 5 ಗಿಗಾಹರ್ಟ್ಸ್‌ಗೆ ಬದಲಿಸಿಕೊಂಡರೆ, ಟೀವಿಯ ಹಿಂದೆ ಅಡಗಿಸಿಟ್ಟ ಪೆಟ್ಟಿಗೆಯನ್ನು ಎದೆಯೆತ್ತರಕ್ಕೆ ತಂದಿಟ್ಟರೆ ಬಹಳಷ್ಟು ಸರಿಹೋಗುತ್ತದೆ. ಊರ ಮನೆಯ ಕಷ್ಟ ಬೇರೆ. ಒಂದೂವರೆ ಅಡಿ ದಪ್ಪದ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತದೆ, ನೀರು ರೇಡಿಯೋ ಅಲೆಗಳನ್ನು ಹೀರುತ್ತದೆ. ಅಲ್ಲಿ ಉದ್ದ ಆಂಟೆನಾದ ದುಬಾರಿ ರೂಟರಿಗೆ ಹಣ ಸುರಿಯಬೇಡಿ. ಉಪ್ಪರಿಗೆಗೆ ಒಂದು ಲ್ಯಾನ್ ಕೇಬಲ್ ಎಳೆದು ತುದಿಯಲ್ಲಿ ಎರಡನೆಯ ಪುಟ್ಟ ರೂಟರ್ ಕೂರಿಸಿದರೆ ಆ ಗೋಡೆಯ ಕಾಟ ತಪ್ಪುತ್ತದೆ.

ದೂರು ಕೊಡುವಾಗ “ನೆಟ್ ಬರ್ತಿಲ್ಲ” ಎಂದಷ್ಟೇ ಹೇಳಬೇಡಿ. “ನಿನ್ನೆ ರಾತ್ರಿ ಎಂಟರಿಂದ ಎಲ್‌ಒಎಸ್ ಕೆಂಪಾಗಿದೆ, ರೀಸ್ಟಾರ್ಟ್ ಮಾಡಿದ್ದಾಗಿದೆ, ಪಕ್ಕದ ಮನೆಗೆ ಬರುತ್ತಿದೆ” ಎನ್ನಿ. ಹಾಗೆ ಹೇಳಿದರೆ ಬರುವವನು ಸ್ಪ್ಲೈಸಿಂಗ್ ಮಿಷನ್ ಹಿಡಿದೇ ಬರುವ ಸಂಭವ ಹೆಚ್ಚು, ಒಂದು ಓಡಾಟ ಉಳಿಯುತ್ತದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ನಿಯಮದಂತೆ ದೂರು ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಆಗ ಕೇಳುವುದು ಇದೇ ಸಂಖ್ಯೆಯನ್ನು. ಕೆಲಸ ಮುಗಿಸಿ ಹೊರಟ ಹುಡುಗನನ್ನು “ಡಿಬಿ ಎಷ್ಟು ಬಂತಪ್ಪ?” ಎಂದು ಕೇಳಿ ಅದನ್ನೂ ಬರೆದುಕೊಳ್ಳಿ. ಮಳೆಯಲ್ಲಿ ಕಂಬ ಹತ್ತಿ ಇಳಿದವನಿಗೆ ಒಂದು ಲೋಟ ಕಾಫಿ ಕೊಡುವುದು ಹೇಗೂ ನಮ್ಮ ಕಡೆಯ ವಾಡಿಕೆ.

ಊರ ಮನೆಯ ಮೀಟರ್ ಬೋರ್ಡಿನ ಪಕ್ಕ ಈಗ ಒಂದು ರಟ್ಟು ನೇತಾಡುತ್ತಿದೆ. ತಂಗಿಯ ಕೈಬರಹದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ, ಲೈನಿನ ಹುಡುಗನ ನಂಬರು, ಕೊನೆಯಲ್ಲಿ ‘ಮೈನಸ್ 21’. ರೀಸೆಟ್ ತೂತಿನ ಮೇಲೆ ಚಿಕ್ಕಪ್ಪ ಇನ್ಸುಲೇಷನ್ ಟೇಪು ಅಂಟಿಸಿದ್ದಾರೆ. ನಿಮ್ಮ ಮನೆಯಲ್ಲಿ ನೆಟ್ ಚೆನ್ನಾಗಿ ಬರುತ್ತಿರುವ ಇವತ್ತೇ ಕಂಪನಿಗೆ ಫೋನು ಮಾಡಿ ಆ ವಿವರ ಕೇಳಿ ಬರೆದಿಡಿ. ಎಲ್ಲ ದೀಪ ಸರಿಯಾಗಿ ಉರಿಯುತ್ತಿರುವ ಪೆಟ್ಟಿಗೆಯ ಒಂದು ಫೋಟೋವನ್ನೂ ತೆಗೆದಿಟ್ಟುಕೊಳ್ಳಿ.